ಬಾಳೆಮೀನಿನ ಕೋಲಿಗೆ ಸುತ್ತಿದ ದಾರ

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಹಿತ್ತಲಿಗೂ ಚಾಚಾ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆಯೊಂದಿತ್ತು. ಫರ್ಸಿ ಕಲ್ಲನ್ನು ಒಂದರ ಮೇಲೊಂದು ಪೇರಿಸಿದ ಗೋಡೆ. ಅದರ ಮೇಲಿನಿಂದ ಸಕ್ಕರೆ, ಬೆಂಕಿಪೊಟ್ಟಣ, ಕೊತ್ತಂಬರಿ, ನನ್ನ ಕೂಸು ಎಲ್ಲವೂ ಆಚೀಚೆ ಹೋಗಿ ಬರುತ್ತಿದ್ದವು. ಕಡೆಗೊಂದು ದಿನ ಗಾಳದ ಕೋಲೂ ಬಂತು. ನಮ್ಮ ರಾಜ್ಯಕ್ಕೆ ಇನ್ನೂ ಕರ್ನಾಟಕ ಎಂಬ ಹೆಸರು ಬಂದಿರದ ಕಾಲ ಅದು.

ಚಾಚಾ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ರಜೆಯ ದಿನ ಅವರ ಕೆಲಸವೇ ಬೇರೆ. ಒಳಗೆ ಟೊಳ್ಳಿಲ್ಲದ ಗಟ್ಟಿ ಬಿದಿರು ತಂದು, ಒಲೆಯ ಕಾವಿಗೆ ಹಿಡಿದು ಡೊಂಕು ತೆಗೆದು, ಎಣ್ಣೆ ಕುಡಿಸಿ ಗಾಳದ ಕೋಲು ಮಾಡುತ್ತಿದ್ದರು. ಗಾರ್ಡುಗಳು, ಡ್ರೈವರುಗಳು, ಶಹಾಬಾದಿನ ಸಿಮೆಂಟು ಕಾರ್ಖಾನೆಯ ಸೂಪರ್‌ವೈಜರುಗಳು ಹೇಳಿ ಮಾಡಿಸಿಕೊಂಡು ಹೋಗುತ್ತಿದ್ದರು. ಅವು ಸಣ್ಣ ಮೀನಿನ ಕೋಲುಗಳಲ್ಲ. ಭೀಮಾ ಹೊಳೆಯ ಆಳದ ಮಡುಗಳಲ್ಲಿ, ತಳಕ್ಕೆ ಹೊಟ್ಟೆ ಹಚ್ಚಿ ಮಲಗುವ ಬಾಳೆಮೀನಿಗೆಂದೇ ಮಾಡಿದವು. ಮೈಮೇಲೆ ಹುರುಪೆಯಿಲ್ಲದ, ಉದ್ದ ಮೀಸೆಯ, ಆಳುದ್ದ ಬೆಳೆಯುವ ಮೀನು ಅದು ಎಂದು ಚಾಚಾ ಕೈ ಚಾಚಿ ತೋರಿಸುತ್ತಿದ್ದರು. ಗಾಳ ನುಂಗಿದ ಮೇಲೆ ಅದು ಕಲ್ಲಿನಂತೆ ಕೂತುಬಿಡುತ್ತದಂತೆ. ಎಳೆದರೆ ಬರುವುದಿಲ್ಲ, ಸಡಿಲ ಬಿಟ್ಟರೆ ಬಂಡೆಯ ಸಂದಿಗೆ ನುಗ್ಗುತ್ತದೆ. ಆಗ ಕೋಲು ಬಿಲ್ಲಿನಂತೆ ಬಾಗುತ್ತದೆ. ಆ ಭಾರವನ್ನೆಲ್ಲ ತಡೆಯಬೇಕಾದ್ದು ಕೋಲಿನ ಮೈಯುದ್ದಕ್ಕೂ ಕೂಡಿಸಿದ, ದಾರ ಹಾಯುವ ತಂತಿಯ ಉಂಗುರಗಳು. ಚಾಚಾ ಅವನ್ನು ಛಲ್ಲಾ ಎನ್ನುತ್ತಿದ್ದರು. ಒಂದೇ ಒಂದು ಛಲ್ಲಾದ ಕಾಲು ಮೇಲೆದ್ದರೂ ಕೋಲು ಅಲ್ಲೇ ಸಿಗಿಯುತ್ತದೆ. ಹಾಗಾಗಿ ಛಲ್ಲಾ ಕೂಡಿಸುವುದಕ್ಕಿಂತ ಅದನ್ನು ದಾರದಿಂದ ಸುತ್ತಿ ಬಿಗಿಯುವುದೇ ದೊಡ್ಡ ಕೆಲಸ. ಆ ಕೆಲಸ ಅವರ ಹೆಂಡತಿ ಚಾಚಿಯದಾಗಿತ್ತು. ಅವರ ಕಣ್ಣಿಗೆ ಪೊರೆ ಬರುವವರೆಗೆ.

ನಾನು ಸೇಡಂ ಕಡೆಯ ಹಳ್ಳಿಯವಳು. ನಮ್ಮ ತವರಿನಲ್ಲಿ ಹೆಂಗಸರೆಲ್ಲ ಶಿವದಾರ ಮಾಡುತ್ತಿದ್ದರು. ಕೊರಳಲ್ಲಿ ಇಷ್ಟಲಿಂಗದ ಕರಡಿಗೆಯನ್ನು ಹಿಡಿದಿಡುವ ದಾರ ಅದು. ನೂಲಿನ ಎಳೆಗಳನ್ನು ಕೂಡಿಸಿ ಹುರಿ ಹಾಕಿ, ಕರಡಿಗೆಯ ಕಿವಿಯಲ್ಲಿ ಹಾಯಿಸಿ, ತುದಿಗಳನ್ನು ಒತ್ತೊತ್ತಾಗಿ ಸುತ್ತಿ ಬಿಗಿಯಬೇಕು. ಗಂಟು ಹಾಕುವಂತಿಲ್ಲ. ಸುತ್ತಿನ ಕೆಳಗೆ ಮೊದಲೇ ಒಂದು ಕುಣಿಕೆ ಇಟ್ಟು, ಕೊನೆಯ ಎಳೆಯನ್ನು ಅದರಲ್ಲಿ ಹಾಯಿಸಿ ಜಗ್ಗಿದರೆ ತುದಿ ಒಳಗೆ ಹೋಗಿ ಮಾಯವಾಗುತ್ತದೆ. ನಾನು ಹಿತ್ತಲಲ್ಲಿ ಕೂತು ಅತ್ತೆಯವರಿಗೆ ಶಿವದಾರ ಬಿಗಿಯುವುದನ್ನು ಚಾಚಿ ಒಮ್ಮೆ ಗೋಡೆಗೆ ಒರಗಿ, ಮುಖ ಹತ್ತಿರ ತಂದು ನೋಡಿದರು.

"ಅರೇ ಬೇಟಿ, ಇದು ನಮ್ಮ ಛಲ್ಲಾದ ಸುತ್ತೇ ಅದ! ಯಾರು ಕಲಿಸ್ಯಾರ ನಿಂಗ?"

"ನಮ್ಮವ್ವ ಕಲಿಸ್ಯಾಳ್ರಿ. ಇದು ದೇವರ ದಾರ."

"ದಾರ ಎಲ್ಲಾ ಒಂದ ಅದ ಬೇಟಿ," ಎಂದು ನಕ್ಕವರು ಆಮೇಲೆ ದನಿ ಇಳಿಸಿದರು. "ನನ್ ಕಣ್ಣಿಗಿ ಏನೂ ಕಾಣಂಗಿಲ್ಲ. ಚಾಚಾ ಇನ್ನ ಸ್ವಲ್ಪ ದಿನಕ್ಕ ಪಿಂಚಣಿ ಆಗ್ತಾರ. ಆಮ್ಯಾಲ ಈ ಕೋಲೇ ನಮ್ಗ ಆಧಾರ. ಹೊರಗಿನವರಿಗಿ ಕೊಟ್ರ ಸುತ್ತು ಢಿಲ್ಲಾ ಬೀಳ್ತದ. ನೀ ಕಟ್ಟಿಕೊಡ್ತೀ ಏನು?"

ಬೇರೆ ಯಾರಾದರೂ ಕೇಳಿದ್ದರೆ ಶಿವ ಶಿವ ಎಂದು ಒಳಗೆ ಹೋಗುತ್ತಿದ್ದೆ. ಆದರೆ ನನ್ನ ಹೆರಿಗೆಯ ದಿನ ಯಜಮಾನರು ಡ್ಯೂಟಿಯ ಮೇಲಿದ್ದರು. ಅತ್ತೆಯವರು ಚಿಂಚೋಳಿಯಲ್ಲಿ ಮಗಳ ಮನೆಗೆ ಹೋಗಿದ್ದರು. ಸೂಲಗಿತ್ತಿ ಬರುವವರೆಗೆ ನನ್ನ ಸೊಂಟ ಹಿಡಿದು ಕೂತವರು ಈ ಚಾಚಿ. ಹುಟ್ಟಿದ ಕೂಸು ಅಳಲಿಲ್ಲ. ಅದನ್ನು ತಲೆಕೆಳಗೆ ಹಿಡಿದು ಬೆನ್ನು ತಟ್ಟಿ ಅಳಿಸಿದವರೂ ಅವರೇ. ಆ ಮುಖ ನೋಡಿ ಹೇಗೆ ಇಲ್ಲವೆನ್ನಲಿ?

ಅತ್ತೆಯವರನ್ನು ಕೇಳಿದೆ. ಅವರು ಭಾಳ ಆಚಾರದವರು. ಲಿಂಗಕ್ಕೆ ನೀರು ಕೊಡದೆ ಬಾಯಿಗೆ ಒಂದು ಹನಿ ಹಾಕಿದವರಲ್ಲ. ಬಯ್ಯುತ್ತಾರೆಂದುಕೊಂಡಿದ್ದೆ, ಬಯ್ಯಲಿಲ್ಲ. "ಆ ತಾಯಿ ನಮ್ಮ ಮನಿ ದೀಪ ಉಳಿಸ್ಯಾಳ. ಕೋಲಿಗಿ ದಾರ ಸುತ್ತಿದ್ರ ನಮ್ದೇನು ಹೋಗ್ತದ? ಸೋಮವಾರ ಮಾತ್ರ ಬ್ಯಾಡ. ಪೂಜಿ ಪಡಸಾಲ್ಯಾಗ ಆ ಕೋಲು ತರಬ್ಯಾಡ," ಎಂದರು. ಅಷ್ಟಕ್ಕೇ ಒಪ್ಪಿದ್ದು ಶಿವನ ದಯೆ ಎಂದು ನಾನು ನಿಟ್ಟುಸಿರು ಬಿಟ್ಟೆ.

ಮಧ್ಯಾಹ್ನ ಊಟವಾದ ಮೇಲೆ ಬೇವಿನ ನೆರಳಲ್ಲಿ ಕೆಲಸ. ಎರಡು ಕವಲು ಕಟ್ಟಿಗೆ ಹುಗಿದು, ಅವುಗಳ ಮೇಲೆ ಕೋಲು ಅಡ್ಡ ಇಡುತ್ತಿದ್ದೆ. ದಾರ ಬಿಗಿಯಾಗಿ ಬರಬೇಕೆಂದು ಚಾಚಾ ಅದನ್ನು ಹಳೆಯ ರೈಲ್ವೆ ಟೈಮ್‌ಟೇಬಲ್ಲಿನ ಹಾಳೆಗಳ ನಡುವೆ ಹಾಯಿಸಿ, ಪುಸ್ತಕದ ಮೇಲೆ ಕಲ್ಲು ಹೇರಿ ಕೊಟ್ಟಿದ್ದರು. ಓದುವ ಪುಸ್ತಕದ ಮೇಲೆ ಕಲ್ಲು ಹೇರುವುದು ನನಗೆ ಸರಿ ಬರಲಿಲ್ಲ. ಕೂರುವ ಮೊದಲು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಚಾಚಾ ನೋಡಿ, "ಕೈ ಮುಗಿ ಬೇಟಿ, ಮುಗಿ. ಅದಕ್ಕ ಮುಗಿದರ ಗಾಡಿ ಟೈಮಿಗಿ ಬಂದೀತು," ಎಂದು ನಗುತ್ತಿದ್ದರು.

ಮೊದಲು ಬರಿ ಬಿದಿರಿನ ಮೇಲೆ ಒಂದು ಪದರ ಸುತ್ತಬೇಕು. ಛಲ್ಲಾದ ತಂತಿ ಬಿದಿರಿಗೆ ನೇರ ಕಚ್ಚಿದರೆ ಅದಕ್ಕೆ ಗಾಯವಾಗುತ್ತದೆ. ಆ ಪದರದ ಮೇಲೆ ಛಲ್ಲಾ ಕೂಡಿಸಬೇಕು. ಅದರ ಎರಡೂ ಕಾಲುಗಳ ತುದಿಯನ್ನು ಚಾಚಾ ಮೊದಲೇ ಅರದಿಂದ ಉಜ್ಜಿ ತೆಳು ಮಾಡಿರುತ್ತಿದ್ದರು, ದಾರ ನೆಲದಿಂದ ಮೆಟ್ಟಿಲೇರಿದಂತೆ ಹತ್ತಲೆಂದು. ಆಮೇಲೆ ಮೇಲಿನ ಸುತ್ತು. ಎಡಗೈ ಕೋಲನ್ನು ತಿರುಗಿಸುತ್ತದೆ, ಬಲಗೈ ಹೆಬ್ಬೆರಳು ದಾರವನ್ನು ಒತ್ತಿ ಹಿಡಿಯುತ್ತದೆ. ಎಳೆಯ ಮೇಲೆ ಎಳೆ ಕೂರಬಾರದು, ನಡುವೆ ಸಂದಿಯೂ ಉಳಿಯಬಾರದು. ಅರ್ಧಕ್ಕೆ ಕೈ ಬಿಟ್ಟರೆ ಎಲ್ಲವೂ ಸುರುಳಿ ಬಿಚ್ಚಿ ಮೊದಲಿಗೆ ಬಂತು. ಕಡೆಗೆ ವಾರ್ನಿಶ್ ಹಚ್ಚಿ, ಅದು ಒಂದೇ ಕಡೆ ಇಳಿಯದಂತೆ ಕೋಲನ್ನು ನಿಧಾನಕ್ಕೆ ತಿರುಗಿಸುತ್ತ ಕೂರಬೇಕು. ಒಣಗಿದ ಮೇಲೆ ಚಾಚಾ ಛಲ್ಲಾಗಳಲ್ಲಿ ಹಾಯಿಸಿದ ಗಾಳದ ದಾರಕ್ಕೆ ಕಲ್ಲು ತುಂಬಿದ ಬಕೀಟು ಕಟ್ಟಿ ಎತ್ತುತ್ತಿದ್ದರು. ಕೋಲು ನೆಲ ಮುಟ್ಟುವಷ್ಟು ಬಾಗುತ್ತಿತ್ತು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಒಂದು ಎಳೆಯೂ ಕದಲುತ್ತಿರಲಿಲ್ಲ.

ಗಿರಾಕಿಗಳು ತಮಗೆ ಬೇಕಾದ ಬಣ್ಣ ಹೇಳುತ್ತಿದ್ದರು. ಒಬ್ಬ ಗಾರ್ಡು ತನ್ನ ಝಂಡಾದಂತೆ ಕೆಂಪು-ಹಸಿರು ಬೇಕೆಂದ. ಕಾರ್ಖಾನೆಯ ಒಬ್ಬರಿಗೆ ಕಪ್ಪಿನ ಅಂಚಿಗೆ ಹಳದಿಯ ಎಳೆ. ರೇಷ್ಮೆ ದಾರ ಹೈದರಾಬಾದಿನಿಂದ ಬರುತ್ತಿತ್ತು. ಆ ಬಣ್ಣಗಳು ನನ್ನ ತಲೆ ಹೊಕ್ಕವು. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಕಣ್ಣು ಮುಚ್ಚಿದರೆ, ಮುಂದಿನ ಛಲ್ಲಾಕ್ಕೆ ಹಸಿರಿನ ಅಂಚಿಗೆ ಯಾವುದು ಒಪ್ಪೀತು ಎಂಬ ವಿಚಾರ. ಜಪ ಮಾಡುವ ಹೆಬ್ಬೆರಳು ತಾನೇ ದಾರ ಒತ್ತಿದಂತೆ ಒತ್ತುತ್ತಿತ್ತು. ಚಾಚಿಯ ಋಣಕ್ಕೆಂದು ಹಿಡಿದ ಕೆಲಸ ನನಗೇ ರುಚಿ ಹತ್ತಿತ್ತು. ಒಳಗೊಂದು ಕಡೆ ಚುಚ್ಚುತ್ತಿದ್ದುದು ಅದೇ. ಆದರೂ ದಾರ ಸುತ್ತುತ್ತೇನೆ, ಅಷ್ಟೇ, ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮೀನನ್ನು ನೋಡಿದ ದಿನ ಆ ಸಮಾಧಾನ ಹೋಯಿತು. ಅದು ಶಿವರಾತ್ರಿಯ ಹಿಂದಿನ ವಾರ. ಚಾಚಾ ಹೊಳೆಯಿಂದ ಬಂದು ಸೈಕಲ್ಲನ್ನು ಹಿತ್ತಲಿಗೆ ತಂದು ನಿಲ್ಲಿಸಿದರು. ಹಿಂದಿನ ಕ್ಯಾರಿಯರಿಗೆ ಅಡ್ಡಲಾಗಿ ಕಟ್ಟಿದ ಬಾಳೆಮೀನು, ಬಾಲ ನೆಲಕ್ಕೆ ತಾಗುತ್ತಿತ್ತು. "ಬೇಟಿ, ನಿನ್ ಸುತ್ತು ನೋಡು! ಎಷ್ಟ್ ಹೊತ್ತು ಜಗ್ಗಾಡಿತು, ಒಂದ್ ಎಳಿ ಹೋಗಿಲ್ಲ!" ಎಂದು ಕೋಲು ಎತ್ತಿ ತೋರಿಸಿದರು. ನಾನು ಗೋಡೆಯ ಈಚೆ ನಿಂತಿದ್ದೆ. ಕೋಲಿನ ಮೇಲೆ ನಾನು ಸುತ್ತಿದ ಕೆಂಪು ದಾರ ಒದ್ದೆಯಾಗಿ ಹೊಳೆಯುತ್ತಿತ್ತು. ಮೀನಿನ ಮೀಸೆ ಇನ್ನೂ ಅಲುಗುತ್ತಿತ್ತು. ಯಾರನ್ನೋ ಹುಡುಕುವ ಕುರುಡರ ಕೈಯಂತೆ ಅತ್ತ ಇತ್ತ ಗಾಳಿಯಲ್ಲಿ ತಡವುತ್ತಿತ್ತು.

ಹಿಂದೆ ತಿರುಗಿದರೆ ಅತ್ತೆಯವರು. ಅವರೂ ನೋಡಿದ್ದರು. ಒಳಗೆ ಹೋದರು.

ಆ ಸಂಜೆ ಯಜಮಾನರನ್ನು ಕೇಳಿದೆ, "ಅದಕ್ಕ ಭಾಳ ನೋವು ಆಗಿರ್ತದೇನ್ರಿ?"

"ನಾ ಏನು ಹೊಳಿಗಿ ಹೋಗಿ ಅದನ್ನ ಕೇಳಿ ಬರ್ಲೇನು?" ಎಂದರು. ಆಮೇಲೆ ನನ್ನ ಮುಖ ನೋಡಿ, "ಬಿಡು. ನೀ ಸುತ್ತಲಿಲ್ಲಂದ್ರ ಮತ್ತೊಬ್ರು ಸುತ್ತತಾರ," ಎಂದರು. ಅದರಿಂದಲೂ ಸಮಾಧಾನವಾಗಲಿಲ್ಲ.

ಪ್ರತಿ ಶಿವರಾತ್ರಿಗೆ ಅತ್ತೆಯವರಿಗೆ ಹೊಸ ಶಿವದಾರ ನಾನೇ ಬಿಗಿಯುತ್ತಿದ್ದೆ. ಅವರ ಕೈ ನಡುಗುತ್ತಿದ್ದರಿಂದ ತಾವೇ ಮಾಡಿಕೊಳ್ಳಲಾಗುತ್ತಿರಲಿಲ್ಲ. ಆ ವರ್ಷವೂ ಮಡಿಯಲ್ಲಿ ಹುರಿ ಹಾಕಿ, ವಿಭೂತಿ ಹಚ್ಚಿ ತಂದೆ. ಅವರು ಕೈ ಅಡ್ಡ ಹಿಡಿದರು.

"ಬ್ಯಾಡವಾ. ಆ ಕೈಲಿ ಕಟ್ಟಿದ ದಾರ ನನ್ನ ಕೊಳ್ಳಿಗಿ ಬ್ಯಾಡ."

ಯಜಮಾನರು ಅಲ್ಲೇ ಇದ್ದರು. "ಯವ್ವಾ, ಅಕಿ ಕೈಲಿ ಬಡದ ರೊಟ್ಟಿ ಉಣ್ತಿ, ದಾರ ಬ್ಯಾಡಂತಿ?"

"ರೊಟ್ಟಿ ನನ್ನ ಹೊಟ್ಟಿಗಿ. ದಾರ ಲಿಂಗಕ್ಕ," ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು. "ಚಿಂಚೋಳಿಯಿಂದ ಮಗಳು ಯುಗಾದಿಗಿ ಬರ್ತಾಳ. ಅಕಿ ಕಟ್ತಾಳ. ಅಲ್ಲಿತನ ಇದೇ ಇರ್ಲಿ."

ಹೇಗಾದರೂ ಕೋಲುಗಳನ್ನು ಬಿಡಬೇಕೆಂದು ಗೋಡೆಯ ಹತ್ತಿರ ಹೋದೆ. ಚಾಚಿ ಖುಷಿಯಲ್ಲಿದ್ದರು. ಬೇಸಿಗೆಯಲ್ಲಿ ಹೊಳೆ ಬತ್ತಿ ದೊಡ್ಡ ಮೀನೆಲ್ಲ ಮಡುವಿಗೆ ಇಳಿಯುವುದರಿಂದ ಹೊಸ ಕೋಲುಗಳನ್ನು ಬಹಳ ಜನ ಹೇಳಿ ಹೋಗಿದ್ದರಂತೆ. ನನ್ನ ಕೈ ಹಿಡಿದು ಹೆಬ್ಬೆರಳು ಸವರಿ, "ಈ ಉಂಗುಟಾದಾಗ ಬರಕತ್ ಅದ," ಎಂದರು. ಹೇಳಬೇಕೆಂದಿದ್ದನ್ನು ಬಿಟ್ಟು, ಹೊಸ ಕೋಲೊಂದನ್ನು ಎತ್ತಿಕೊಂಡು ಬಂದೆ.

ಯುಗಾದಿಗೆ ನಾದಿನಿ ಬರಲಿಲ್ಲ. ಮಕ್ಕಳಿಗೆ ಸಿಡುಬು ಎಂದು ಹೇಳಿ ಕಳಿಸಿದಳು. ಅತ್ತೆಯವರ ಕೊರಳಿನ ದಾರ ಬೆವರಿಗೆ, ಸ್ನಾನದ ನೀರಿಗೆ ನವೆಯತೊಡಗಿತು. ಊಟಕ್ಕೆ ಬಡಿಸಲು ಬಗ್ಗಿದಾಗೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕರಡಿಗೆಯ ಎಡಗಿವಿಯ ಹತ್ತಿರ ಎಳೆಗಳು ಎದ್ದು ನಿಂತಿದ್ದವು. ದಾರ ಹರಿದು ಲಿಂಗ ನೆಲಕ್ಕೆ ಬಿತ್ತೆಂದರೆ ಅತ್ತೆಯವರು ಆಮೇಲೆ ಅನ್ನ ಮುಟ್ಟುವವರಲ್ಲ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವರ ಚಿಕ್ಕಮ್ಮ ಹಾಗೆಯೇ ಉಪವಾಸ ಬಿದ್ದು ಹೋದರೆಂದು ಅವರೇ ಹೇಳುತ್ತಿದ್ದರು, ಹೆಮ್ಮೆಯಿಂದ. ಇಂಥ ಮನೆಯಲ್ಲಿ ನಾನು ದಿನಾ ಮಧ್ಯಾಹ್ನ ಕೂತು, ಮಣಭಾರದ ಮೀನು ಜಗ್ಗಿದರೂ ಕದಲದ ಹಾಗೆ ಯಾರದೋ ಕೋಲಿಗೆ ದಾರ ಬಿಗಿಯುತ್ತಿದ್ದೆ. ಮನೆಯ ಹಿರಿಯರ ಕೊರಳಲ್ಲಿ ದಾರ ಎಳೆ ಎಳೆಯಾಗಿ ಹೋಗುತ್ತಿತ್ತು.

"ಅತ್ತಿ, ನಾ ಕೈ ತೊಳದು, ಉಪವಾಸ ಇದ್ದು ಕಟ್ತೀನ್ರಿ," ಎಂದು ಒಮ್ಮೆ ಕೇಳಿದೆ.

"ಬರ್ತಾಳ, ಮಗಳು ಬರ್ತಾಳ," ಎಂದರು. ಅಷ್ಟೇ.

ಒಂದು ದಿನ ಚಾಚಾ ಅವಸರವೆಂದಿದ್ದರಿಂದ ಬೆಳಿಗ್ಗೆಯೇ ಕೋಲು ಹಿಡಿದು ಕೂತಿದ್ದೆ. ಯಜಮಾನರು ಡ್ಯೂಟಿಗೆ ಹೋಗಿದ್ದರು. ಕೆಂಪು ರೇಷ್ಮೆಯ ಸುತ್ತು ಛಲ್ಲಾದ ಕಾಲಿನ ಅರ್ಧಕ್ಕೆ ಬಂದಿತ್ತು. ಬಚ್ಚಲಿನಿಂದ ಅತ್ತೆಯವರ ದನಿ ಬಂತು. ಕೂಗಲ್ಲ, ಕೂಗಿಗಿಂತ ಸಣ್ಣ ದನಿ.

"ಯವ್ವಾ... ಬಾ ಇಲ್ಲಿ. ಬಾ ಲಗೂ."

ಕೈ ಬಿಟ್ಟೆ. ಸುತ್ತಿದ್ದೆಲ್ಲ ಸರ್ರನೆ ಬಿಚ್ಚಿಕೊಂಡು ಹೋಯಿತು. ದಾರದ ಉಂಡೆ ಕೈಯಲ್ಲೇ ಇತ್ತು, ಓಡಿದೆ. ಅತ್ತೆಯವರು ಒದ್ದೆ ಸೀರೆಯಲ್ಲಿ ನಿಂತಿದ್ದರು. ಎರಡೂ ಕೈಯಿಂದ ಕರಡಿಗೆಯನ್ನು ಎದೆಗೆ ಅವಚಿಕೊಂಡಿದ್ದರು. ದಾರ ಹರಿದು ಬೆನ್ನಿನ ಮೇಲೆ ಜೋತು ಬಿದ್ದಿತ್ತು. ನೆಲಕ್ಕೆ ಬಿದ್ದಿರಲಿಲ್ಲ. ಶಿವನೇ, ಬಿದ್ದಿರಲಿಲ್ಲ.

"ಒಳಗ ನಡೀರಿ ಅತ್ತಿ, ನಾ ಹಿಡಕೋತೀನಿ..."

"ಮುಟ್ಟಬ್ಯಾಡ. ನಾ ಅಲುಗಂಗಿಲ್ಲ. ಕೈ ನಡಗ್ಲಿಕತ್ತಾವ. ಅಲುಗಿದ್ರ ಜಾರ್ತದ."

ಮನೆಯಲ್ಲಿ ನೂಲು ಇತ್ತು, ಹುರಿ ಹಾಕಿದ್ದು ಇರಲಿಲ್ಲ. ಶಿವರಾತ್ರಿಗೆ ಮಾಡಿದ್ದನ್ನು ಅವರು ಬೇಡವೆಂದಾಗ ಅಳುತ್ತ ಹೊಳೆಗೆ ಬಿಟ್ಟು ಬಂದಿದ್ದೆ. ತೆಳ್ಳಗಿನ ನೂಲಿಗೆ ಅಷ್ಟು ಎಳೆ ಕೂಡಿಸಿ ಹುರಿ ಹಾಕಬೇಕೆಂದರೆ ಅರ್ಧ ದಿನ. ಅತ್ತೆಯವರ ಮೊಣಕೈ ಆಗಲೇ ಅದುರುತ್ತಿತ್ತು. ಕೈಯಲ್ಲಿದ್ದದ್ದು ಕೋಲಿನ ರೇಷ್ಮೆ. ಅದನ್ನೇ ನೀರಲ್ಲಿ ಅದ್ದಿ, ವಿಭೂತಿ ಹಚ್ಚಿ, ಎಳೆಗಳನ್ನು ಕೂಡಿಸಿದೆ. ಹುರಿ ಹಾಕಲು ಇನ್ನೊಂದು ತುದಿ ಹಿಡಿಯುವವರು ಬೇಕು. ಹಿತ್ತಲಿನ ಆ ಬಚ್ಚಲಿನ ಪಕ್ಕವೇ ಚಾಚಾ ಅವರ ಕಡೆಯ ಗೋಡೆ. ಅಷ್ಟರಲ್ಲಿ ನನ್ನ ಓಡಾಟದ ಸದ್ದು ಕೇಳಿ ಚಾಚಿ ತಡವುತ್ತ ಅಲ್ಲಿಗೆ ಬಂದಿದ್ದರು.

"ಕ್ಯಾ ಹುವಾ ಬೇಟಿ?"

"ಚಾಚಿ, ಈ ತುದಿ ಹಿಡೀರಿ. ಗಟ್ಟಿ ಹಿಡೀರಿ," ಎಂದು ಗೋಡೆಯ ಮೇಲಿನಿಂದ ಅವರ ಕೈಗೆ ಕೊಟ್ಟೆ. ಕೊಟ್ಟ ಮೇಲೆ ಅತ್ತೆಯವರ ಕಡೆ ನೋಡಲು ಹೆದರಿಕೆಯಾಯಿತು.

ಅತ್ತೆಯವರು ಗೋಡೆಯತ್ತ ಮುಖ ಮಾಡಿ ಹೇಳಿದರು, "ತಾಯಿ, ಕೈ ಬಿಡಬ್ಯಾಡ್ರಿ."

"ನಹೀ ಛೋಡೂಂಗಿ. ಹಿಡದೀನ್ರಿ," ಎಂದರು ಚಾಚಿ.

ನಾನು ಹುರಿ ಹಾಕಿದೆ. ಆಮೇಲೆ ಅತ್ತೆಯವರ ಮುಂದೆ ಮೊಣಕಾಲೂರಿ, ಅವರ ಬೆರಳುಗಳ ಸಂದಿಯಲ್ಲೇ ಕರಡಿಗೆಯ ಕಿವಿಗೆ ಹಾಯಿಸಿ, ತುದಿಗಳನ್ನು ಸುತ್ತತೊಡಗಿದೆ. ನನ್ನ ಉಗುರುಗಳ ಸುತ್ತ ವಾರ್ನಿಶ್ಶಿನ ಕಂದು ಬಣ್ಣವಿತ್ತು. ಅವರ ಮುಖಕ್ಕೆ ಅಷ್ಟು ಹತ್ತಿರ, ಅದರ ವಾಸನೆ ಅವರಿಗೆ ಬಂದೇ ಇರಬೇಕು.

"ಇದು ಯಾವ ದಾರ?"

"ಕೋಲಿಂದು ರೀ."

ನಾನು ಸುತ್ತುತ್ತಲೇ ಇದ್ದೆ.

"ಎಷ್ಟ್ ಮೀನು ಸತ್ತಾವ ಈ ದಾರಕ್ಕ?"

"ಗೊತ್ತಿಲ್ರಿ ಅತ್ತಿ. ಕೇಳಿಲ್ಲ."

"ಕೇಳಬೇಕಾಗಿತ್ತು." ಕತ್ತು ಬಗ್ಗಿಸಿ ದಾರವನ್ನು ನೋಡಿದರು. ಆಮೇಲೆ, "ಗಟ್ಟಿ ಅದ ಏನು?"

"ಗಟ್ಟಿ ಅದ ರೀ."

"ಹಂಗಾದ್ರ ಕಟ್ಟು."

ಕೊನೆಯ ಎಳೆಯನ್ನು ಕುಣಿಕೆಯಲ್ಲಿ ಹಾಯಿಸಿ ಜಗ್ಗಿದೆ, ತುದಿ ಒಳಗೆ ಹೋಯಿತು. ಅತ್ತೆಯವರು ಒಂದೊಂದೇ ಬೆರಳು ಸಡಿಲಿಸಿದರು. ನಿಂತಿತು. ಗೋಡೆಯ ಆಚೆ ಚಾಚಿ ಇನ್ನೂ ಬರಿಗೈಯನ್ನು ಮುಷ್ಟಿ ಕಟ್ಟಿಯೇ ನಿಂತಿದ್ದರು, ದಾರವಿಲ್ಲವೆಂಬುದು ತಿಳಿಯದವರಂತೆ.

ಮಧ್ಯಾಹ್ನ ಯಜಮಾನರು ಬಂದು ಅವ್ವನ ಕೊರಳು ನೋಡಿ, "ಏನವ್ವಾ, ಕೆಂಪು ಸಿಗ್ನಲ್ ಬಿದ್ದದ?" ಎಂದರು. ಅತ್ತೆಯವರು ನಕ್ಕರು. ಅವರು ಊಟ ಮಾಡಿದರು, ಅದೇ ನನಗೆ ದೊಡ್ಡದು. ಊಟವಾದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಹಿಡದ ಕೋಲು ಮುಗಿಸಿ ಕೊಡು. ಅರ್ಧ ಬಿಟ್ಟು ಆ ಹಿರಿಯರ ಮಾತು ಕೆಡಸಬ್ಯಾಡ. ಆಮ್ಯಾಲ ಸಾಕು. ಇವತ್ತಿನಿಂದ ನಿನ್ನ ಕೈ ನನ್ನ ಕೊಳ್ಳಾಗ ಅದ."

ಹೂಂ ಎಂದೆ. ಹಿಡಿದ ಕೋಲುಗಳನ್ನು ಮುಗಿಸಿದೆ, ಮೊದಲಿಗಿಂತ ಚೆನ್ನಾಗಿಯೇ ಸುತ್ತಿದೆ. ಕೊನೆಯದನ್ನು ಗೋಡೆಯ ಮೇಲೆ ಇಟ್ಟು, ಇನ್ನು ಮುಂದೆ ಸುತ್ತುವುದಿಲ್ಲವೆಂದು ಚಾಚಿಗೆ ಹೇಳಿದೆ. ಯಾಕೆಂದು ಅವರು ಕೇಳಲಿಲ್ಲ. ಕೋಲಿನ ಮೇಲೆ ಬೆರಳಾಡಿಸಿ, ಸುತ್ತಿನಿಂದ ಸುತ್ತಿಗೆ ಹೋಗಿ, "ಠೀಕ್ ಅದ ಬೇಟಿ. ಅಮ್ಮಾ ಉಂಡ್ರಲ್ಲ, ಅಷ್ಟೇ ಸಾಕು," ಎಂದರು.

ಚಾಚಾ ಪೇಟೆಯ ಚಪ್ಪಲಿ ಹೊಲಿಯುವವನಿಗೆ ಕೋಲು ಕೊಟ್ಟು ನೋಡಿದರು. ಅವನು ಮೇಣದ ದಪ್ಪ ದಾರ ಸುತ್ತಿ ಗಂಟು ಹಾಕಿ ಕೊಟ್ಟ. ಮೊದಲ ದೊಡ್ಡ ಮೀನಿಗೇ ಛಲ್ಲಾ ಎದ್ದು ಕೋಲು ಸಿಗಿಯಿತಂತೆ. ಶಹಾಬಾದಿನವರು ಬರುವುದು ನಿಂತಿತು. ಚಾಚಾ ಪಿಂಚಣಿಯಾಗಿ, ಚಿತ್ತಾಪುರಕ್ಕೆ ಮಗನ ಬಳಿ ಹೋಗುವವರೆಗೂ ನಾಲ್ಕಾರು ಬರಿ ಬಿದಿರುಗಳು ಅವರ ಗೋಡೆಗೆ ಒರಗಿಯೇ ಇದ್ದವು. ಕೆಲವು ಮಧ್ಯಾಹ್ನ ಚಾಚಿ ಬೇವಿನ ಕೆಳಗೆ ಕೂತು, ಕಣ್ಣು ಮುಚ್ಚಿ, ಬೆರಳಿನ ಅಂದಾಜಿನಲ್ಲಿ ದಾರ ಸುತ್ತಿ ನೋಡುತ್ತಿದ್ದರು. ಸಂದಿ ಬೀಳುತ್ತಿತ್ತು. ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ನಾನು ಈಚೆ ಬಟ್ಟೆ ಒಣಹಾಕುತ್ತ, ಕೆಮ್ಮಿದರೂ ನಾನಿದ್ದೇನೆಂದು ತಿಳಿದೀತೆಂದು ಸದ್ದಿಲ್ಲದೆ ನಿಲ್ಲುತ್ತಿದ್ದೆ.

ಅತ್ತೆಯವರು ಲಿಂಗ ಕೊರಳಲ್ಲಿರುವಂತೆಯೇ ತೀರಿಕೊಂಡರು. ಅದು ಶಿವನ ದಯೆ, ನಾನು ದಿನಾ ನೆನೆಯುತ್ತೇನೆ. ಆದರೆ ಅದನ್ನು ನೆನೆದಾಗೆಲ್ಲ ಗೋಡೆಯ ಆಚೆಯವರೂ ನೆನಪಾಗುತ್ತಾರೆ. ಊರು ಬಿಡುವವರೆಗೂ ಪಕ್ಕದಲ್ಲೇ ಇದ್ದೂ ಒಂದು ಸುತ್ತು ಹಾಕಿಕೊಡು ಎಂದು ಚಾಚಿ ನನ್ನನ್ನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ನಾನು ಇಲ್ಲವೆನ್ನುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.